ಚಕ್ ನಾರಿಸ್ ನಕ್ಕರೆ ನಮಗ್ಯಾಕೆ ನಗು ಬರುವುದಿಲ್ಲ?

ಪ್ರಶ್ನೆ: ಸರ್, ನಾನು ಕುಮಟಾದವನು. ಅಜ್ಜನ ಮನೆ ಕಾರವಾರದಲ್ಲಿ. ಚಿಕ್ಕವನಿದ್ದಾಗ ಅಲ್ಲಿ ಕ್ಯಾಸೆಟ್ ಬಾಡಿಗೆಗೆ ತಂದು ಚಕ್ ನಾರಿಸ್ ಸಿನಿಮಾ ನೋಡುತ್ತಿದ್ದೆವು. ಅದರಲ್ಲಿ ‘ಫೈರ್‌ವಾಕರ್’ ಅಂತ ನಿಧಿ ಹುಡುಕುವ ಕತೆ ಒಂದಿತ್ತು, ಭಾರಿ ಮಜಾ ಇತ್ತು ಅಂತಲೇ ನೆನಪು. ಮೊನ್ನೆ ಮಳೆ ರಜೆಯಲ್ಲಿ ಮಗನಿಗೆ ತೋರಿಸಿದೆ. ಅರ್ಧ ಗಂಟೆಗೆ ಅವನು ಎದ್ದು ಹೋದ, ನನಗೂ ಆಕಳಿಕೆ. ಮರುದಿನ ಇಂಡಿಯಾನಾ ಜೋನ್ಸ್‌ನ ಮೊದಲ ಸಿನಿಮಾ ಹಾಕಿದರೆ ಕೂತ ಜಾಗ ಬಿಟ್ಟು ಕದಲಲಿಲ್ಲ. ಇಬ್ಬರೂ ಗುಹೆಗೆ ಹೋಗುತ್ತಾರೆ, ಇಬ್ಬರೂ ಹೊಡೆದಾಡುತ್ತಾರೆ. ಹಾಗೆ ನೋಡಿದರೆ ನಿಜವಾಗಿ ಹೊಡೆದಾಟ ಗೊತ್ತಿರುವುದು ನಾರಿಸ್‌ಗೇ. ಮತ್ತೆ ಅವನದ್ದೇ ಯಾಕೆ ಸಪ್ಪೆ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯಲ್ಲೇ ಉತ್ತರ ಇದೆ. ‘ನಿಜವಾಗಿ ಹೊಡೆದಾಟ ಗೊತ್ತಿರುವುದು ನಾರಿಸ್‌ಗೇ’ ಅಂದಿರಲ್ಲ, ತೊಂದರೆ ಅದೇ.

ಮೊದಲು ನನ್ನ ಕತೆ ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ನೀವು ನೋಡಿದ ಆ ಕ್ಯಾಸೆಟ್ ನನ್ನ ಅಂಗಡಿಯದ್ದೇ ಇದ್ದರೂ ಇರಬಹುದು. ಎಂಬತ್ತರ ದಶಕದ ಕೊನೆಗೆ ಕಾರವಾರದಲ್ಲಿ ನನ್ನದೊಂದು ಸಣ್ಣ ವಿಡಿಯೊ ಲೈಬ್ರರಿ ಇತ್ತು. ಆಗ ಕೊಂಕಣ ರೈಲು ಇರಲಿಲ್ಲ. ಕಾಳಿ ಸೇತುವೆ ದಾಟಿ, ಅದೇ 2024ರ ಆಗಸ್ಟ್‌ನಲ್ಲಿ ಕುಸಿದು ಬಿತ್ತಲ್ಲ ಆ ಹಳೆ ಸೇತುವೆ, ಬಸ್ಸಿನಲ್ಲಿ ಗೋವಾಕ್ಕೆ ಹೋಗಿ ಚೀಲ ತುಂಬ ಕ್ಯಾಸೆಟ್ ತರುತ್ತಿದ್ದೆ. ತಂದದ್ದೆಲ್ಲ ಒಳ್ಳೆಯದು ಅಂತೇನಿಲ್ಲ. ಕವರ್ ಮೇಲೆ ಚಕ್ ನಾರಿಸ್ ಬಂದೂಕು ಹಿಡಿದು ನಿಂತಿರುತ್ತಿದ್ದ, ಒಳಗೆ ಯಾವುದೋ ಅಡುಗೆ ಕಾರ್ಯಕ್ರಮದ ರೆಕಾರ್ಡಿಂಗು. ಒಮ್ಮೆ ಹಾಗೆ ಹದಿನಾಲ್ಕು ಕ್ಯಾಸೆಟ್ ಒಟ್ಟಿಗೆ ಟೋಪಿ ಬಿದ್ದು, ವಾಪಸ್ ಕೊಡಲು ಹೋದರೆ ಅಂಗಡಿಯವನು ನನ್ನ ಮುಖವನ್ನೇ ನೋಡಿಲ್ಲ ಅನ್ನುವಂತೆ ಮಾಡಿದ್ದ. ಈಗ ಶಿರಸಿಯಲ್ಲಿದ್ದೇನೆ, ಸಿನಿಮಾ ನೋಡುವುದು ಮತ್ತು ಅದರ ಬಗ್ಗೆ ಬರೆಯುವುದು ಮಾತ್ರ ಬಿಟ್ಟಿಲ್ಲ.

ಆ ಕಾಲದಲ್ಲಿ ನಮ್ಮ ಹುಡುಗರಿಗೆ ಚಕ್ ನಾರಿಸ್ ಅಂದರೆ ಏನು ಅಂತ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಬ್ರೂಸ್ ಲೀ ಕ್ಯಾಸೆಟ್ ಖಾಲಿ ಆದರೆ ಮುಂದಿನ ಪ್ರಶ್ನೆಯೇ ‘ಚಕ್ ನಾರಿಸ್ ಉಂಟಾ?’ 1972ರ ಒಂದು ಸಿನಿಮಾದಲ್ಲಿ ರೋಮ್‌ನ ಕೊಲೋಸಿಯಮ್‌ನಲ್ಲಿ ಬ್ರೂಸ್ ಲೀ ಜೊತೆ ಆಡಿದ ಜಗಳ ಎಲ್ಲರಿಗೂ ಬಾಯಿಪಾಠ. ಅದರಲ್ಲಿ ನಾರಿಸ್ ಸೋತು ಸಾಯುತ್ತಾನೆ. ಈ ಸಂಗತಿ ನೆನಪಿಟ್ಟುಕೊಳ್ಳಿ, ಯಾಕೆಂದರೆ ದೊಡ್ಡ ಹೀರೊ ಆದಮೇಲೆ ಅವನು ಹಾಗೆ ಸೋತದ್ದನ್ನು ನಾನಂತೂ ನೋಡಿಲ್ಲ.

ಅವನ ಹಿನ್ನೆಲೆ ನಟನದ್ದಲ್ಲ. ಅಮೆರಿಕದ ವಾಯುಪಡೆಗೆ ಸೇರಿ ಕೊರಿಯಾಕ್ಕೆ ಹೋದವನು, ಅಲ್ಲಿ ತಾಂಗ್ ಸೂ ಡೊ ಅನ್ನುವ ಹೊಡೆದಾಟದ ವಿದ್ಯೆ ಕಲಿತ. ಊರಿಗೆ ಬಂದು ಕರಾಟೆ ಶಾಲೆ ತೆರೆದ, ಮಿಡಲ್‌ವೇಟ್ ವಿಭಾಗದಲ್ಲಿ ವರ್ಷಗಟ್ಟಲೆ ಚಾಂಪಿಯನ್ ಆಗಿದ್ದ. ಅವನ ಶಾಲೆಗೆ ಬರುತ್ತಿದ್ದವರಲ್ಲಿ ನಟ ಸ್ಟೀವ್ ಮೆಕ್ವೀನ್ ಒಬ್ಬ. ಸಿನಿಮಾಕ್ಕೆ ಹೋಗು ಅಂತ ಹುರಿದುಂಬಿಸಿದವನು ಇವನೇ. ಆಮೇಲೆ ನಾರಿಸ್‌ನ ಒಂದು ಆರಂಭದ ಚಿತ್ರ ನೋಡಿ, ನೀನು ಜಾಸ್ತಿ ಮಾತಾಡುತ್ತಿದ್ದೀಯ, ಕತೆ ವಿವರಿಸುವ ಕೆಲಸ ಬೇರೆ ನಟರಿಗೆ ಬಿಡು, ಮುಖ್ಯವಾದ ಒಂದು ಮಾತು ಇದ್ದರೆ ಅದನ್ನಷ್ಟೇ ನೀನು ಹೇಳು ಅಂತ ಬುದ್ಧಿ ಹೇಳಿದ. ಇದನ್ನು ನಾರಿಸ್ ತಾನೇ ಹಲವು ಕಡೆ ಹೇಳಿಕೊಂಡಿದ್ದಾನೆ.

ಒಳ್ಳೆಯ ಸಲಹೆ. ಅದನ್ನು ಪಾಲಿಸಿಯೇ ನಾರಿಸ್ ಗೆದ್ದ. 1984ರಲ್ಲಿ ವಿಯೆಟ್ನಾಂ ಕೈದಿಗಳನ್ನು ಬಿಡಿಸಿ ತರುವ ಸಿನಿಮಾ, 1985ರಲ್ಲಿ ಶಿಕಾಗೊ ಪೊಲೀಸ್ ಪಾತ್ರ, 1986ರ ಮೊದಲಿಗೆ ವಿಮಾನ ಅಪಹರಣದ ಕತೆ. ಎಲ್ಲದರಲ್ಲೂ ಅದೇ ಗಡ್ಡ, ಅದೇ ಮೌನ, ಅದೇ ಅಲುಗಾಡದ ಮುಖ. ಮಾತಾಡದ ಮನುಷ್ಯ ಅಂತಲೇ ಜನ ದುಡ್ಡು ಕೊಟ್ಟು ಬರುತ್ತಿದ್ದರು. ಅಂಥವನನ್ನು ಅದೇ ವರ್ಷದ ನವೆಂಬರ್‌ನಲ್ಲಿ ಬಾಯಿ ಮುಚ್ಚದೆ ಜೋಕು ಹೊಡೆಯುವ ನಿಧಿಬೇಟೆಗಾರ ಮಾಡಿ ಬಿಟ್ಟರು. ಅದೇ ಫೈರ್‌ವಾಕರ್.

ಯಾಕೆ ಮಾಡಿದರು ಅನ್ನುವುದಕ್ಕೆ ಅದನ್ನು ತೆಗೆದ ಕ್ಯಾನನ್ ಎಂಬ ಸಿನಿಮಾ ಕಂಪನಿಯ ವ್ಯವಹಾರ ಗೊತ್ತಿರಬೇಕು. ಮೆನಹೆಮ್ ಗೋಲಾನ್, ಯೋರಾಂ ಗ್ಲೋಬಸ್ ಅಂತ ಇಸ್ರೇಲಿನ ಇಬ್ಬರು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಥರದ ಸಂಬಂಧ. 1979ರಲ್ಲಿ ಈ ಕಂಪನಿ ಕೊಂಡರು. ಇವರು ಸಿನಿಮಾ ಮಾರುತ್ತಿದ್ದ ಕ್ರಮ ನಮ್ಮ ಶಿರಸಿ ಕಡೆಯವರಿಗೆ ಬೇಗ ಅರ್ಥ ಆಗುತ್ತದೆ. ಇಲ್ಲಿ ಅಡಿಕೆ ಮರದಲ್ಲಿ ಇರುವಾಗಲೇ ತೋಟ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡುವುದಿಲ್ಲವೇ, ಹಾಗೆ. ಸ್ಕ್ರಿಪ್ಟ್ ಇರುತ್ತಿರಲಿಲ್ಲ, ಚಿತ್ರೀಕರಣ ಶುರುವೇ ಆಗಿರುತ್ತಿರಲಿಲ್ಲ, ಪೋಸ್ಟರ್ ಮಾತ್ರ ತಯಾರು. ಅದನ್ನು ಫ್ರಾನ್ಸಿನ ಕಾನ್ ಸಿನಿಮಾ ಸಂತೆಯಲ್ಲಿ ತೋರಿಸಿ ದೇಶ ದೇಶದ ವಿತರಕರಿಂದ ಮುಂಗಡ ಎತ್ತುತ್ತಿದ್ದರು. ಆ ಮುಂಗಡದಲ್ಲೇ ಸಿನಿಮಾ ಆಗಬೇಕು. ಫಸಲು ಹೇಗೆ ಬಂತು ಅನ್ನುವುದು ಆಮೇಲಿನ ಮಾತು.

ಹೀಗೆ ಪೋಸ್ಟರ್ ಮೇಲೆ ವ್ಯಾಪಾರ ಮಾಡುವವರಿಗೆ ಬೇಕಾದ್ದು ಎರಡೇ. ಜನಕ್ಕೆ ಗುರುತಿರುವ ಒಂದು ಮುಖ, ಜನಕ್ಕೆ ಗುರುತಿರುವ ಒಂದು ಕತೆ. ಮುಖ ನಾರಿಸ್‌ದು ಇತ್ತು. ಕತೆ ಯಾವುದು? 1981ರಲ್ಲಿ ಇಂಡಿಯಾನಾ ಜೋನ್ಸ್ ಬಂದು ದುಡ್ಡು ಬಾಚಿದ್ದ, 1984ರಲ್ಲಿ ಎರಡನೆಯದು ಬಂತು, ಅದೇ ವರ್ಷ ಮೈಕಲ್ ಡಗ್ಲಾಸ್ ಕೊಲಂಬಿಯಾದ ಕಾಡಿನಲ್ಲಿ ಪಚ್ಚೆ ಕಲ್ಲು ಹುಡುಕಿಕೊಂಡು ಹೋಗಿ ಗೆದ್ದಿದ್ದ. ಕ್ಯಾನನ್‌ನವರು ಅದಾಗಲೇ 1985ರಲ್ಲಿ ಆಫ್ರಿಕಾದ ಗಣಿ ಹುಡುಕುವ ಒಂದು ಹಳೆಯ ಕಾದಂಬರಿಯನ್ನು ಇದೇ ಅಚ್ಚಿಗೆ ಹಾಕಿ ತೆಗೆದಿದ್ದರು. ಅದರ ನಿರ್ದೇಶಕ ಜೆ. ಲೀ ಥಾಂಪ್ಸನ್‌ನನ್ನೇ ಫೈರ್‌ವಾಕರ್‌ಗೂ ಕೂರಿಸಿದರು. ಈತ ಸಾಮಾನ್ಯದವನಲ್ಲ. 1961ರ ‘ದಿ ಗನ್ಸ್ ಆಫ್ ನವರೋನ್’ ಇವನದ್ದೇ, ಅದಕ್ಕೆ ಆಸ್ಕರ್ ನಾಮನಿರ್ದೇಶನವೂ ಆಗಿತ್ತು. ಆದರೆ ಫೈರ್‌ವಾಕರ್ ಹೊತ್ತಿಗೆ ಎಪ್ಪತ್ತು ದಾಟಿತ್ತು, ಕ್ಯಾನನ್‌ಗೆ ಒಂದಾದ ಮೇಲೊಂದು ಸಿನಿಮಾ ಮಾಡಿಕೊಡುತ್ತಿದ್ದ. ನನ್ನ ಪ್ರಕಾರ ಸೋಲಿಗೆ ಅವನನ್ನು ಜಾಸ್ತಿ ದೂರುವ ಹಾಗಿಲ್ಲ.

ಪಾತ್ರವರ್ಗವೂ ಕೆಟ್ಟದಲ್ಲ. ನಾರಿಸ್ ಜೊತೆ ಇದ್ದವನು ಲೂಯಿಸ್ ಗಾಸೆಟ್ ಜೂನಿಯರ್, 1982ರ ಒಂದು ಸಿನಿಮಾಕ್ಕೆ ಪೋಷಕ ನಟನ ಆಸ್ಕರ್ ಗೆದ್ದವನು. ನಕ್ಷೆ ಹಿಡಿದು ಬರುವ ಹುಡುಗಿ ಮೆಲೊಡಿ ಆಂಡರ್ಸನ್. ನಡುವೆ ಒಂದು ಕಡೆ ಬರುವ ದಡೂತಿ ಮನುಷ್ಯ ಜಾನ್ ರೈಸ್-ಡೇವಿಸ್, ಇಂಡಿಯಾನಾ ಜೋನ್ಸ್‌ನ ಮೊದಲ ಸಿನಿಮಾದಲ್ಲಿ ಕೈರೊದ ಗೆಳೆಯ ಸಲ್ಲಾ ಆಗಿದ್ದವನೇ. ಅಂದರೆ ಮೂಲ ಅಂಗಡಿಯಿಂದ ಒಂದು ಬಾಗಿಲನ್ನೇ ಕಿತ್ತು ತಂದು ತಮ್ಮ ಅಂಗಡಿಗೆ ಜೋಡಿಸಿದ್ದರು. ಎಲ್ಲ ಇತ್ತು. ನಗು ಮಾತ್ರ ಇರಲಿಲ್ಲ.

ಈಗ ನಿಮ್ಮ ಪ್ರಶ್ನೆಯ ಹೊಟ್ಟೆಗೆ ಬರೋಣ.

ನಾನು ಹುಟ್ಟಿ ಬೆಳೆದದ್ದು ಹೊನ್ನಾವರ ಕಡೆ. ಗುಣವಂತೆ, ಇಡಗುಂಜಿ, ಕರ್ಕಿ, ಎಲ್ಲಿ ಯಕ್ಷಗಾನದ ಆಟ ಇದ್ದರೂ ಅಪ್ಪ ಹೆಗಲ ಮೇಲೆ ಹೊತ್ತು ಹೋಗುತ್ತಿದ್ದರು. ನಿದ್ದೆ ಬಂದರೆ ರಂಗಸ್ಥಳದ ಎದುರೇ ಕಂಬಳಿ ಹಾಸಿ ಮಲಗುವುದು, ಹಾಸ್ಯಗಾರ ಬಂದಾಗ ಎಬ್ಬಿಸಬೇಕು ಅಂತ ಕರಾರು. ನಮ್ಮ ಬಡಗುತಿಟ್ಟಿನಲ್ಲಿ, ಅಂದರೆ ಉತ್ತರದ ಕಡೆಯ ಯಕ್ಷಗಾನ ಶೈಲಿಯಲ್ಲಿ, ಹಾಸ್ಯ ಅಂದರೆ ಬಿಡುವಿದ್ದವರು ಮಾಡುವ ಕೆಲಸ ಅಲ್ಲ. ಕರ್ಕಿಯಲ್ಲಿ ಹಾಸ್ಯಗಾರ ಅನ್ನುವುದು ಒಂದು ಮನೆತನದ ಹೆಸರೇ ಆಗಿಬಿಟ್ಟಿದೆ. ಕೃಷ್ಣನ ಸಾರಥಿ ದಾರುಕ, ಬಟ್ಟೆ ಒಗೆಯುವ ರಜಕ, ಸುದ್ದಿ ತರುವ ದೂತ, ಹಲ್ಲಿಲ್ಲದ ಅಜ್ಜಿ, ಇವೆಲ್ಲ ಅವನ ಪಾಲು. ಕಿರೀಟ ಇಟ್ಟ ರಾಜವೇಷದವನು ಎಷ್ಟೇ ದೊಡ್ಡ ಕಲಾವಿದ ಆದರೂ ಇವನ ಜಾಗಕ್ಕೆ ಬಂದು ಸುಮ್ನೆ ನಿಂತರೆ ಯಾರೂ ನಗುವುದಿಲ್ಲ.

ಯಾಕೆ? ಹಾಸ್ಯಗಾರ ರಂಗಸ್ಥಳಕ್ಕೆ ಬಂದು ಮೊದಲು ಮಾಡುವ ಕೆಲಸ ತನ್ನ ಮರ್ಯಾದೆ ಕಳೆದುಕೊಳ್ಳುವುದು. ಎಡವುತ್ತಾನೆ, ರಾಜ ಗದರಿದರೆ ಹೌಹಾರುತ್ತಾನೆ, ಚಂಡೆಯ ಒಂದು ಪೆಟ್ಟಿಗೆ ಬೆಚ್ಚಿ ಹಾರುತ್ತಾನೆ. ಇವನಿಗೆ ಪೆಟ್ಟು ಬೀಳಬಹುದು, ಇವನ ಪಂಚೆ ಜಾರಬಹುದು ಅಂತ ನಮಗೆ ಗೊತ್ತು. ಆ ಅಳುಕಿನಿಂದಲೇ ನಗು ಹುಟ್ಟುತ್ತದೆ. ರಾಜವೇಷದವನ ತಲೆಯ ಮೇಲೆ ಕಿರೀಟ ಇದೆ, ಅದು ಅಲುಗಾಡಬಾರದು. ಕಿರೀಟ ಗಟ್ಟಿ ಕೂತಿರುವ ತನಕ ಅವನು ಎಷ್ಟು ಚಟಾಕಿ ಹಾರಿಸಿದರೂ ಅದು ದೊಡ್ಡ ಮನುಷ್ಯರು ಮದುವೆ ಮನೆಯಲ್ಲಿ ಹೇಳುವ ಜೋಕಿನಂತೆ. ನಾವು ನಗುವುದು ಮರ್ಯಾದೆಗೆ.

ಇಂಡಿಯಾನಾ ಜೋನ್ಸ್ ನೋಡಿ. ಹ್ಯಾಟು, ಚಾವಟಿ ಎಲ್ಲ ಇದೆ, ಹೀರೊನೇ. ಆದರೆ ಒಳಗೆ ಹಾಸ್ಯಗಾರ. ಮೊದಲ ಹತ್ತು ನಿಮಿಷದಲ್ಲೇ ಪ್ರಾಣ ಒತ್ತೆಯಿಟ್ಟು ತಂದ ಚಿನ್ನದ ಗೊಂಬೆಯನ್ನು ಬಾಗಿಲಲ್ಲೇ ನಿಂತಿದ್ದ ವೈರಿ ಕಸಿದುಕೊಳ್ಳುತ್ತಾನೆ. ಓಡಿ ಹೋಗಿ ವಿಮಾನ ಹತ್ತಿದರೆ ಕಾಲ ಬಳಿ ಹಾವು, ಅದನ್ನು ಕಂಡು ಚೀರುತ್ತಾನೆ! ಮುಂದೆ ಒಬ್ಬ ದೈತ್ಯ ಜರ್ಮನ್ ಜೊತೆ ವಿಮಾನದ ಪಕ್ಕ ಗುದ್ದಾಟ ಇದೆ, ಅದರಲ್ಲಿ ಇವನು ಬರೀ ಪೆಟ್ಟು ತಿನ್ನುತ್ತಾನೆ, ಕೊನೆಗೆ ಗೆಲ್ಲಿಸುವುದು ವಿಮಾನದ ಪಂಖ. ಹಡಗಿನಲ್ಲಿ ಹುಡುಗಿ ಮುತ್ತು ಕೊಡಲು ಬಂದರೆ ಮೈಯಲ್ಲಿ ನೋವಿಲ್ಲದ ಜಾಗವನ್ನು ಬೆರಳಿಟ್ಟು ತೋರಿಸಬೇಕಾಗುತ್ತದೆ ಮಹಾರಾಯ. ಕತ್ತಿ ಝಳಪಿಸುವ ದಾಂಡಿಗನನ್ನು ಬೇಸರದಿಂದ ಒಂದೇ ಗುಂಡಿಗೆ ಮುಗಿಸುವ ಆ ಹೆಸರಾದ ದೃಶ್ಯವೂ ಹಾಗೆ ಹುಟ್ಟಿದ್ದೇ. ಟ್ಯುನೀಷಿಯಾದಲ್ಲಿ ಚಿತ್ರೀಕರಣ, ಹ್ಯಾರಿಸನ್ ಫೋರ್ಡ್‌ಗೆ ಆಮಶಂಕೆ ಹಿಡಿದಿತ್ತು. ಉದ್ದದ ಚಾವಟಿ-ಕತ್ತಿ ಕಾಳಗ ಮಾಡುವ ತ್ರಾಣ ಇರಲಿಲ್ಲ, ಹೊಡೆದು ಮುಗಿಸಿಬಿಡೋಣ ಅಂದರು, ಮುಗಿಸಿದರು. ಹೊಟ್ಟೆ ಕೆಟ್ಟ ಹೀರೊ. ನಾರಿಸ್ ಹೊಟ್ಟೆ ಕೆಟ್ಟದ್ದನ್ನು ಯಾವತ್ತಾದರೂ ನೋಡಿದ್ದೀರಾ?

ಈಗ ಫೈರ್‌ವಾಕರ್‌ನ ಶುರು ನೆನಪಿಸಿಕೊಳ್ಳಿ. ಮರುಭೂಮಿಯಲ್ಲಿ ನಾರಿಸ್‌ನನ್ನೂ ಗಾಸೆಟ್‌ನನ್ನೂ ಕೈಕಾಲು ಕಟ್ಟಿ ಬಿಸಿಲಿಗೆ ಮಲಗಿಸಿ ಹೋಗುತ್ತಾರೆ, ಅಣಕಿಸಲು ಕೈಗೆ ಒಂದು ನೀರಿನ ಬಾಟಲಿ. ಬಾಟಲಿ ಒಡೆದು, ಗಾಜಿನಿಂದ ಹಗ್ಗ ಕೊಯ್ದುಕೊಂಡು ಎದ್ದು ಬರುತ್ತಾರೆ. ಕಾಗದದ ಮೇಲೆ ಒಳ್ಳೆಯ ದೃಶ್ಯ. ಆದರೆ ನಾರಿಸ್ ಮುಖ ನೋಡಿ. ಗೋಕರ್ಣದ ಬೀಚಿನಲ್ಲಿ ಟವೆಲ್ ಹಾಸಿ ಮಲಗಿದ ವಿದೇಶಿಯಂತೆ ಇದ್ದಾನೆ. ಗಾಸೆಟ್ ಪಾಪ, ಗೊಣಗುತ್ತಾನೆ, ಕಣ್ಣು ಬಿಡುತ್ತಾನೆ, ಬೆವರುತ್ತಾನೆ, ಎರಡೂ ಪಾತ್ರಗಳ ಹೆದರಿಕೆಯನ್ನು ಒಬ್ಬನೇ ಹೊತ್ತಿದ್ದಾನೆ. ಈ ಇಬ್ಬರ ಯೋಜನೆಗಳು ಯಾವತ್ತೂ ಕೈಕೊಡುತ್ತವೆ ಅಂತ ಕತೆ ಹೇಳುತ್ತದೆ. ಆದರೆ ನಾರಿಸ್ ಮೈಯಲ್ಲಿ ಸೋತವನ ಒಂದು ಗುರುತೂ ಇಲ್ಲ. ಬಾರಿನ ಜಗಳದಲ್ಲಿ ಒಬ್ಬೊಬ್ಬರಾಗಿ ಬಂದು ಬಿದ್ದು ಹೋಗುತ್ತಾರೆ, ಇವನ ಕೂದಲು ಕೆದರುವುದಿಲ್ಲ. ಅದೇ ಹೊಡೆತ ಅವನ ಗಂಭೀರ ಸಿನಿಮಾದಲ್ಲಿ ಇದ್ದರೆ ನಾವು ಸಿಳ್ಳೆ ಹೊಡೆಯುತ್ತಿದ್ದೆವು. ಇಲ್ಲಿ ಹೊಡೆದಾದ ಮೇಲೆ ಸಣ್ಣದಾಗಿ ನಗುತ್ತಾನಲ್ಲ, ಅಲ್ಲಿ ಎಡವಟ್ಟಾಗುತ್ತದೆ. ಗೆದ್ದವನು ತಾನೇ ನಕ್ಕರೆ ನಮಗೇನು ಉಳಿಯಿತು?

ಹೊಡೆದಾಟ ಕಲಿತವನಿಗೆ ಹಾಸ್ಯ ಬರುವುದೇ ಇಲ್ಲ ಅಂತ ಅಲ್ಲ. ಅದೇ 1986ರಲ್ಲಿ ಜಾಕಿ ಚಾನ್ ತನ್ನ ನಿಧಿಬೇಟೆಯ ಸಿನಿಮಾ ‘ಆರ್ಮರ್ ಆಫ್ ಗಾಡ್’ ಮಾಡುತ್ತಿದ್ದ. ಅವನೂ ಇಂಡಿಯಾನಾ ಜೋನ್ಸ್ ನೋಡಿಯೇ ಆಸೆಪಟ್ಟವನು. ಯುಗೊಸ್ಲಾವಿಯಾದಲ್ಲಿ ಗೋಡೆಯಿಂದ ಮರದ ಕೊಂಬೆಗೆ ಹಾರುವ ದೃಶ್ಯ. ಮೊದಲ ಸಲ ಸರಿಯಾಗಿಯೇ ಬಂದಿತ್ತು, ಇವನಿಗೆ ಸಮಾಧಾನ ಆಗಲಿಲ್ಲ, ಇನ್ನೊಮ್ಮೆ ಹಾರಿದ. ಕೊಂಬೆ ಮುರಿದು ಕೆಳಗೆ ಬಿದ್ದು ತಲೆ ಕಲ್ಲಿಗೆ ಬಡಿದು ಬುರುಡೆಯೇ ಬಿರುಕು ಬಿಟ್ಟಿತು. ಸಾಯಬೇಕಿತ್ತು, ಉಳಿದ. ಆ ಬಿದ್ದ ಚಿತ್ರಣವನ್ನು ಸಿನಿಮಾದ ಕೊನೆಗೆ ಹೆಸರು ಬರುವಾಗ ಹಾಕಿಯೂ ಬಿಟ್ಟ!

ಎಷ್ಟು ವ್ಯತ್ಯಾಸ ನೋಡಿ. ಜಾಕಿ ಕಲಿತದ್ದು ಸ್ಪರ್ಧೆಯ ಅಖಾಡದಲ್ಲಿ ಅಲ್ಲ, ಹಾಂಗ್‌ಕಾಂಗ್‌ನ ಪೀಕಿಂಗ್ ಒಪೆರಾ ಶಾಲೆಯಲ್ಲಿ, ಎಳೆ ಹುಡುಗನಾಗಿದ್ದಾಗಿನಿಂದ ಹತ್ತು ವರ್ಷ. ಹಾಡು, ಕುಣಿತ, ಲಾಗ, ಮುಖವರ್ಣಿಕೆ ಎಲ್ಲ ಸೇರಿದ್ದು. ನಮ್ಮ ಗುಣವಂತೆಯಲ್ಲಿ ಮಕ್ಕಳು ಹೆಜ್ಜೆ ಕಲಿತ ಹಾಗೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಮೇಳದಲ್ಲಿ ಬೆಳೆದವರನ್ನು ನೋಡಿ, ಯುದ್ಧದ ಕುಣಿತವೂ ಪ್ರೇಕ್ಷಕನಿಗಾಗಿಯೇ, ಎದುರಾಳಿಯನ್ನು ನಿಜವಾಗಿ ಬೀಳಿಸುವುದಕ್ಕಲ್ಲ. ಜಾಕಿಗೂ ಹಾಗೆ. ಗುದ್ದಿದ ಮೇಲೆ ತನ್ನದೇ ಕೈ ನೋಯುತ್ತದೆ, ಊದಿಕೊಳ್ಳುತ್ತಾನೆ. ಏಣಿ ಸಿಕ್ಕಿದರೆ ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ. ನಾರಿಸ್ ಕಲಿತ ಕರಾಟೆಯಲ್ಲಿ ನೋವು ತೋರಿಸಿದರೆ ಎದುರಾಳಿಗೆ ದಾರಿ ತೋರಿಸಿದ ಹಾಗೆ. ಮುಖ ಕಲ್ಲಾಗಿರಬೇಕು. ವರ್ಷಗಟ್ಟಲೆ ಹಾಗೆ ಪಳಗಿಸಿದ ಮುಖವನ್ನು ಒಬ್ಬ ನಿರ್ಮಾಪಕ ಬಂದು, ಸ್ವಲ್ಪ ಸಡಿಲ ಮಾಡಪ್ಪಾ ಅಂದರೆ ಆಗುತ್ತದೆಯೇ?

ಇನ್ನೊಂದು ಸಂಗತಿಯೂ ಇದೆ, ನಿಧಿಯದ್ದು. ಫೈರ್‌ವಾಕರ್‌ನಲ್ಲಿ ನಿಧಿ ಯಾರದ್ದು ಅಂತ ಕೇಳಿದರೆ ನೀವು ತಡವರಿಸುತ್ತೀರಿ. ಅಜ್ಟೆಕ್, ಮಾಯಾ, ಅಪಾಚೆ ಅನ್ನುವ ಅಮೆರಿಕ ಖಂಡದ ಮೂಲನಿವಾಸಿಗಳನ್ನೆಲ್ಲ ಒಂದೇ ಗಂಜಿಗೆ ಹಾಕಿ ಕುದಿಸಿದ್ದಾರೆ. ಒಂದು ಅಮೆರಿಕದ ನೈಋತ್ಯದ್ದು, ಒಂದು ಮೆಕ್ಸಿಕೊ ಕಣಿವೆಯದ್ದು, ಇನ್ನೊಂದು ಅಲ್ಲಿಂದಲೂ ದೂರದ್ದು, ಕಾಲವೂ ಬೇರೆ. ಗೇರುಸೊಪ್ಪೆ ಬಸದಿಯ ಕೆಳಗೆ ಮೊಹೆಂಜೊದಾರೊ ಮುದ್ರೆ ಇಟ್ಟು ಕಾವಲಿಗೆ ಮರಾಠಾ ಸೈನಿಕರನ್ನು ನಿಲ್ಲಿಸಿದ ಹಾಗೆ. ಇದರಿಂದ ಏನಾಯಿತು ಅಂದರೆ, ಆ ನಿಧಿಯ ಬಗ್ಗೆ ನಮಗೆ ಹೆದರಿಕೆಯೇ ಹುಟ್ಟುವುದಿಲ್ಲ. ಹೆದರಿಕೆ ಇಲ್ಲದ ಕಡೆ ಹಗುರ ಮಾಡಲು ಏನಿದೆ?

ನಮ್ಮೂರ ಹುಡುಗರಿಗೆ ಇದು ಹೇಳಿಕೊಡಬೇಕಾಗಿಲ್ಲ. ನೀವು ಕುಮಟಾದವರು, ಮಿರ್ಜಾನ್ ಕೋಟೆ ನೋಡಿಯೇ ಇರುತ್ತೀರಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತಲೇ ಕರೆಯುತ್ತಿದ್ದರು. ನಾವು ಚಿಕ್ಕವರಿದ್ದಾಗ ಆ ಕೋಟೆಯ ಬಾವಿಯೊಳಗೆ ಸುರಂಗ ಇದೆ, ಅದರ ತುದಿಗೆ ಕೊಪ್ಪರಿಗೆ ತುಂಬ ಹೊನ್ನಿದೆ, ಅದಕ್ಕೆ ಸರ್ಪ ಕಾವಲಿದೆ ಅಂತ ಕತೆ ಇತ್ತು. ಪುರಾತತ್ವ ಇಲಾಖೆಯವರು ಅಗೆದಾಗ ಸಿಕ್ಕಿದ್ದು ಚೀನಾ ಪಿಂಗಾಣಿಯ ಚೂರು, ಕಬ್ಬಿಣದ ಗುಂಡು, ಒಂದು ಪೋರ್ಚುಗೀಸ್ ಚಿನ್ನದ ನಾಣ್ಯ, ಇಂಥವು. ಆದರೂ ಕತ್ತಲಲ್ಲಿ ಆ ಬಾವಿಯ ಬಳಿ ನಿಲ್ಲಿ ಅಂದರೆ ನಾನು ಈಗಲೂ ನಿಲ್ಲುವುದಿಲ್ಲ. ನನ್ನ ಸೋದರಮಾವ ಒಬ್ಬರು ಹುಚ್ಚು ಧೈರ್ಯ ಮಾಡಿ ಇಬ್ಬರು ಗೆಳೆಯರನ್ನು ಕರೆದುಕೊಂಡು ಒಂದು ಅಮಾವಾಸ್ಯೆ ರಾತ್ರಿ ಊರ ಹಿಂದಿನ ಹಾಳು ಗುಡಿಯ ಹತ್ತಿರ ಹೋದವರು, ಒಣ ಎಲೆ ಸರಕ್ ಅಂದಿದ್ದಕ್ಕೆ ಬ್ಯಾಟರಿ, ಗುದ್ದಲಿ, ಒಂದು ಚಪ್ಪಲಿ ಎಲ್ಲ ಬಿಟ್ಟು ಓಡಿ ಬಂದಿದ್ದರು. ಮರುದಿನ ನೋಡಿದರೆ ಅಲ್ಲಿ ಇದ್ದದ್ದು ಒಂದು ಮುಳ್ಳುಹಂದಿಯ ಮುಳ್ಳು. ಈ ಕತೆಯನ್ನು ಅವರು ಸಾಯುವ ತನಕ ಪ್ರತಿ ಚೌತಿಗೂ ಹೇಳಿದರು, ಪ್ರತಿ ಸಲ ನಾವು ನಕ್ಕೆವು. ಮಾವ ಗುದ್ದಲಿ ಹಾಕಿ ಕೊಪ್ಪರಿಗೆ ಎತ್ತಿ ತಂದಿದ್ದರೆ ಯಾರು ನಗುತ್ತಿದ್ದರು ಹೇಳಿ? ತಹಶೀಲ್ದಾರರು ಬರುತ್ತಿದ್ದರು ಅಷ್ಟೇ. (ತಮಾಷೆಯಲ್ಲ. 1878ರಲ್ಲೇ ಬ್ರಿಟಿಷರು ನಿಧಿ ಕಾನೂನು ಮಾಡಿದ್ದರು. ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ನೆಲದಲ್ಲಿ ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಬೇಕು ಅಂತ. ಮಗನಿಗೆ ಇದನ್ನೂ ಹೇಳಿಡಿ.)

ಇಷ್ಟು ಹೇಳಿದ ಮೇಲೆ ಒಂದು ತಪ್ಪು ತಿಳಿವಳಿಕೆ ಬರಬಹುದು, ನಾರಿಸ್‌ಗೆ ಹಾಸ್ಯವೇ ಒಗ್ಗುವುದಿಲ್ಲ ಅಂತ. ಹಾಗಲ್ಲ. ನಗಿಸುವುದಕ್ಕೆ ಇನ್ನೊಂದು ದಾರಿ ಇದೆ, ಅದೂ ನಮ್ಮ ಆಟದಲ್ಲೇ ಇದೆ.

ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ನೋಡಿದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಕೂಡಲೇ ಗೊತ್ತಾಗುತ್ತದೆ. 2012ರಲ್ಲಿ ಪದ್ಮಶ್ರೀ ಬಂತಲ್ಲ, ಅದಕ್ಕಿಂತ ಎಷ್ಟೋ ದಶಕ ಮೊದಲೇ ಜನ ಆ ಪಾತ್ರಕ್ಕಾಗಿ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಭಸ್ಮಾಸುರ ಹೆದರುವುದಿಲ್ಲ, ಎಡವುವುದಿಲ್ಲ, ಹಾಸ್ಯ ಮಾಡುತ್ತಿದ್ದೇನೆ ಅಂತ ಅವನಿಗೆ ಗೊತ್ತೇ ಇಲ್ಲ. ತಾನು ಮೂರು ಲೋಕ ಗೆದ್ದವನು ಎಂಬ ಗತ್ತಿನಲ್ಲೇ ಮೋಹಿನಿಯ ಹಿಂದೆ ಹೆಜ್ಜೆ ಹಾಕುತ್ತಾನೆ. ಅವಳು ಕೈ ತಿರುಗಿಸಿದರೆ ತಾನೂ ತಿರುಗಿಸುತ್ತಾನೆ, ಸೊಂಟ ಬಳುಕಿಸಿದರೆ ತಾನೂ ಬಳುಕಿಸುತ್ತಾನೆ, ಅಷ್ಟೇ ಶ್ರದ್ಧೆಯಿಂದ. ಆ ಗತ್ತು ಎಷ್ಟು ಜಾಸ್ತಿಯೋ ನಗು ಅಷ್ಟು ಜಾಸ್ತಿ. ಅವನು ಒಂದು ಸಲ ಪ್ರೇಕ್ಷಕರ ಕಡೆ ನೋಡಿ ಕಣ್ಣು ಹೊಡೆದಿದ್ದರೆ ಎಲ್ಲ ಮುಗಿದೇ ಹೋಗುತ್ತಿತ್ತು.

ಆರ್ನಾಲ್ಡ್ ಶ್ವಾರ್ಜ್‌ನೆಗರ್‌ಗೆ ಇದು ಗೊತ್ತಿತ್ತು. 1988ರಲ್ಲಿ ಡ್ಯಾನಿ ಡಿವಿಟೊ ಜೊತೆ ಅವಳಿ ಸೋದರನಾಗಿ ಬಂದಾಗ ಅವನು ಜೋಕು ಹೇಳಲು ಹೋಗಲಿಲ್ಲ. ಎಲ್ಲವನ್ನೂ ನಂಬುವ ಮಗುವಿನ ಹಾಗೆ ನಿಂತ, ಜನ ಬಿದ್ದು ಬಿದ್ದು ನಕ್ಕರು. ನಾರಿಸ್ ಫೈರ್‌ವಾಕರ್‌ನಲ್ಲಿ ಈ ದಾರಿಯನ್ನೂ ಹಿಡಿಯಲಿಲ್ಲ, ಹಾಸ್ಯಗಾರನ ದಾರಿಯನ್ನೂ ಹಿಡಿಯಲಿಲ್ಲ. ಪಾದ್ರಿಯ ವೇಷ ಹಾಕಿಕೊಂಡು ರೈಲಿನಲ್ಲಿ ಹೋಗುವ ದೃಶ್ಯ ಒಂದಿದೆ ನೋಡಿ, ಹುಡುಗಿ ನನ್ ವೇಷದಲ್ಲಿ. ಅಲ್ಲಿ ನಾರಿಸ್ ಪೂರ್ತಿ ಗಂಭೀರ ಪಾದ್ರಿಯಾಗಿಯೇ ಇದ್ದಿದ್ದರೆ ಸಾಕಿತ್ತು, ಆ ಗಡ್ಡ, ಆ ಭುಜ, ಆ ನಿಲುವಂಗಿ, ತಾನಾಗಿ ನಗು ಬರುತ್ತಿತ್ತು. ಆದರೆ ಅವನು ನಮಗೆ ಗೊತ್ತಾಗಲಿ ಅಂತ ಮುಗುಳ್ನಗುತ್ತಾನೆ. ಆ ಒಂದು ಮುಗುಳ್ನಗೆ ಇಡೀ ಸಿನಿಮಾದ ರೋಗ.

ಮುಂದೆ ಇಪ್ಪತ್ತು ವರ್ಷ ಕಳೆದ ಮೇಲೆ, ಅವನು ಏನೂ ಮಾಡದೆಯೇ ಜನ ಅವನನ್ನು ಭಸ್ಮಾಸುರ ಮಾಡಿದರು. 2005ರ ಸುಮಾರಿಗೆ ಇಂಟರ್ನೆಟ್ಟಿನಲ್ಲಿ ಚಕ್ ನಾರಿಸ್ ಜೋಕುಗಳು ಹುಟ್ಟಿಕೊಂಡವು. ಅವನು ದಂಡ ಹೊಡೆಯುವಾಗ ಮೈ ಮೇಲೆತ್ತುವುದಿಲ್ಲ, ಭೂಮಿಯನ್ನೇ ಕೆಳಗೆ ತಳ್ಳುತ್ತಾನೆ ಅನ್ನುವ ಥರದವು. ನಮ್ಮಲ್ಲಿ ಅದೇ ಅಚ್ಚಿನ ಜೋಕುಗಳು ರಜನಿಕಾಂತ್ ಹೆಸರಲ್ಲಿ ಓಡಾಡಿದ್ದು ನಿಮಗೆ ನೆನಪಿರಬೇಕು. ಎಲ್ಲದರ ತಿರುಳು ಒಂದೇ, ಈ ಮನುಷ್ಯ ಸೋಲುವುದಿಲ್ಲ. ಫೈರ್‌ವಾಕರ್‌ನಲ್ಲಿ ಯಾವುದು ನಗುವನ್ನು ಕೊಂದಿತ್ತೋ ಅದೇ ಇಲ್ಲಿ ನಗುವಾಯಿತು, ಯಾಕೆಂದರೆ ಅದನ್ನು ಮುಚ್ಚಿಡದೆ ಆಕಾಶದ ತನಕ ಎಳೆದರು.

2012ರಲ್ಲಿ ಸ್ಟಲೋನ್ ಗುಂಪಿನ ಒಂದು ಸಿನಿಮಾದಲ್ಲಿ ನಾರಿಸ್ ಕೆಲವೇ ನಿಮಿಷ ಬರುತ್ತಾನೆ. ನಿನಗೆ ಕಾಳಿಂಗ ಸರ್ಪ ಕಚ್ಚಿತ್ತಂತೆ ಅಂತ ಸ್ಟಲೋನ್ ಕೇಳುತ್ತಾನೆ. ಹೌದು, ಐದು ದಿನ ವಿಪರೀತ ನರಳಿ ಆಮೇಲೆ ಸತ್ತಿತು ಹಾವು, ಅಂತ ನಾರಿಸ್ ಉತ್ತರ. ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ಮೆಕ್ವೀನ್ ಹೇಳಿದ್ದು ಇದನ್ನೇ ಅಲ್ವಾ, ಹೇಳಿದರೆ ಒಂದೇ ಮಾತು ಹೇಳು ಅಂತ. ನಮ್ಮ ಶಿರಸಿ, ಸಿದ್ದಾಪುರದ ತೋಟಗಳಲ್ಲಿ ಕಾಳಿಂಗ ಕಂಡವರಿಗೆ ಆ ಜೋಕು ಇನ್ನೂ ಸ್ವಲ್ಪ ಜಾಸ್ತಿಯೇ ಹಿಡಿಸುತ್ತದೆ. ಇಂಡಿಯಾನಾ ಜೋನ್ಸ್ ಹಾವು ಕಂಡು ಚೀರಿ ನಗಿಸಿದ, ಇವನು ಹಾವನ್ನೇ ಸಾಯಿಸಿ ನಗಿಸಿದ.

ಇನ್ನು ನಿಮ್ಮ ನೆನಪು ಸುಳ್ಳೇ ಅಂತ ಬೇಸರ ಮಾಡಿಕೊಳ್ಳಬೇಡಿ. ನೀವು ಆಗ ನೋಡಿದ್ದು ಫೈರ್‌ವಾಕರ್ ಒಂದನ್ನೇ ಅಲ್ಲ. ಅಜ್ಜನ ಮನೆಯ ಜಗುಲಿ, ಬಾಡಿಗೆ ವಿಸಿಆರ್, ಹದಿನೈದು ಜನ ಹುಡುಗರು, ನಡುವೆ ಕರೆಂಟ್ ಹೋಗಿ ಬರುವುದು, ಇಂಗ್ಲಿಷ್ ಅರ್ಥ ಆಗದೆ ಯಾರೋ ಒಬ್ಬ ದೊಡ್ಡವನು ತನಗೆ ತೋಚಿದ ಕತೆ ಹೇಳುವುದು. ಮಾತು ಅರ್ಥ ಆಗದೇ ಇದ್ದದ್ದು ಒಳ್ಳೆಯದೇ ಆಯಿತು ಅನ್ನಬೇಕು, ಜೋಕುಗಳಿಂದ ಪಾರಾದಿರಿ. ನನ್ನ ಅಂಗಡಿಯಲ್ಲೂ ಆ ಕ್ಯಾಸೆಟ್ ಚೆನ್ನಾಗಿಯೇ ಓಡಿತ್ತು. ವಾಪಸ್ ತಂದ ಹುಡುಗರನ್ನು ಹೇಗಿತ್ತು ಅಂತ ಕೇಳಿದರೆ ‘ಫೈಟ್ ಕಮ್ಮಿ’ ಅನ್ನುತ್ತಿದ್ದರು. ಹಾಸ್ಯದ ಬಗ್ಗೆ ಒಬ್ಬನೂ ಒಂದು ಮಾತಾಡಿದ್ದು ನೆನಪಿಲ್ಲ.

ಮಗನಿಗೆ ಮುಂದೆ ಏನು ತೋರಿಸಬಹುದು ಅಂದರೆ, ಜಾಕಿ ಚಾನ್‌ನ ಆ ನಿಧಿ ಸಿನಿಮಾ ತೋರಿಸಿ, ಕೊನೆಗೆ ಹೆಸರು ಬರುವ ತನಕ ಎದ್ದು ಹೋಗಲು ಬಿಡಬೇಡಿ, ಆದರೆ ಬಿದ್ದ ದೃಶ್ಯ ಬರುವಾಗ ಪಕ್ಕದಲ್ಲಿ ನೀವಿರಿ. ಆಮೇಲೆ ನಾರಿಸ್‌ನ ಗಂಭೀರ ಸಿನಿಮಾ ಒಂದು, ಶಿಕಾಗೊ ಪೊಲೀಸ್ ಕತೆ ಆದರೆ ಒಳ್ಳೆಯದು, ಅವನ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು. ಅದು ನೋಡಿದ ಮೇಲೆ ಹಾವಿನ ಜೋಕು ತೋರಿಸಿ. ಮೊದಲೇ ತೋರಿಸಿದರೆ ಪ್ರಯೋಜನ ಇಲ್ಲ, ಅವನು ಎಂಥವನು ಅಂತ ಗೊತ್ತಿರಬೇಕು.

ಫೈರ್‌ವಾಕರ್ ಕ್ಯಾಸೆಟ್ ನನ್ನ ಅಟ್ಟದಲ್ಲಿ ಈಗಲೂ ಇದೆ. ಶಿರಸಿ ಮಳೆಗೆ ಟೇಪು ಪೂರ್ತಿ ಬೂಷ್ಟು ಹಿಡಿದಿದೆ, ಓಡುವುದಿಲ್ಲ. ಕವರ್ ಮಾತ್ರ ಚೆನ್ನಾಗಿದೆ. ಈ ಕಡೆ ಬಂದರೆ ಹೇಳಿ, ತೆಗೆದುಕೊಂಡು ಹೋಗಿ.